ಎರಡು ಮಿಲಿಮೀಟರ್ ವ್ಯತ್ಯಾಸ: ಕುರ್ಲಾದ ಪಾಲಿಯೋ, ಕಲ್ಯಾಣದ ಪ್ಯೂಜೋ

ಹೋದ ಮಳೆಗಾಲದಲ್ಲಿ ಸಯನ್-ಪನವೇಲ್ ಹೆದ್ದಾರಿಯ ಒಂದು ಗುಂಡಿಯಲ್ಲಿ ನನ್ನ ಕಾರಿನ ಎರಡು ರಿಮ್ ಬಾಗಿದವು. ಕಾರು 2003ರ ಫಿಯಾಟ್ ಪಾಲಿಯೋ. ಅಪ್ಪ ಹುಬ್ಬಳ್ಳಿಯಲ್ಲಿ ಓಡಿಸ್ತಿದ್ದದ್ದು, ಅವರು ತೀರಿಕೊಂಡ ಮೇಲೆ ನಾನು ವಾಶಿಗೆ ತಂದೆ. ಕೆಎ 25 ಹೋಗಿ ಎಂಎಚ್ 43 ಆಗಿದೆ, ಅದರ ಓಡಾಟದ ಕಥೆ ಬೇರೆ ವಿಡಿಯೋಗೆ ಇಟ್ಟುಕೊಳ್ಳೋಣ. ಹತ್ತಿರದ ಟೈರ್ ಅಂಗಡಿಯವನು ಬೇರೆ ಯಾವುದೋ ಕಾರಿನ ಹಳೆಯ ಅಲಾಯ್ ಚಕ್ರ ಎರಡು ತಂದು, 'ಸಾಬ್, ಚಾರ್ ಹೋಲ್ ಹೈ, ಬೈಠ್ ಜಾಯೇಗಾ' ಅಂದ. ಕೂತೂ ಬಿಟ್ಟಿತು. ಮಹಾಪೆವರೆಗೆ ಆಫೀಸಿಗೆ ಹೋಗಿ ಬಂದೆ. ಮೂರನೇ ದಿನ ಸ್ಟಿಯರಿಂಗ್ ನಡುಗೋಕೆ ಶುರುವಾಯಿತು. ನಿಲ್ಲಿಸಿ ಸ್ಪ್ಯಾನರ್ ಹಾಕಿ ನೋಡಿದರೆ ನಾಲ್ಕರಲ್ಲಿ ಎರಡು ಬೋಲ್ಟು ಕೈಯಲ್ಲೇ ತಿರುಗುವಷ್ಟು ಸಡಿಲ.

ಆ ಅಲಾಯ್ ಚಕ್ರದ ಅಳತೆ 4x100. ಪಾಲಿಯೋದ್ದು 4x98. ಅಂದರೆ ನಾಲ್ಕು ಬೋಲ್ಟು ಕೂರುವ ವೃತ್ತದ ವ್ಯಾಸ ಅದರಲ್ಲಿ 100 ಮಿಲಿಮೀಟರ್, ಇದರಲ್ಲಿ 98. ಅಂಗಡಿಯವರು ಪಿಸಿಡಿ ಅನ್ನೋದು ಇದಕ್ಕೇ. ವ್ಯಾಸದಲ್ಲಿ ಎರಡು ಮಿಲಿಮೀಟರ್ ಅಂದರೆ ಪ್ರತಿ ಬೋಲ್ಟು ತನ್ನ ರಂಧ್ರದ ನಡುವಿನಿಂದ ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ಬರುತ್ತೆ. ಕಣ್ಣಿಗೆ ಕಾಣಲ್ಲ, ಬೋಲ್ಟು ಒಳಗೂ ಹೋಗುತ್ತೆ. ಆದರೆ ಅದರ ತಲೆಯ ಕೆಳಗಿನ ಶಂಕು ಆಕಾರದ ಭಾಗ ಚಕ್ರದ ಗುಳಿಯಲ್ಲಿ ಪೂರ್ತಿ ಕೂರದೆ ಒಂದೇ ಬದಿಗೆ ಒತ್ತಿ ನಿಲ್ಲುತ್ತೆ. ಬಿಗಿ ಆಯಿತು ಅಂತ ಸ್ಪ್ಯಾನರ್ ಹೇಳುತ್ತೆ, ಆಗಿರಲ್ಲ.

ಇದು ಬರೀ ನನ್ನ ಕಾರಿನ ಗೋಳಾಗಿದ್ದರೆ ಇಲ್ಲಿ ಹೇಳ್ತಿರಲಿಲ್ಲ. ಈ 98ರ ಹಿಂದೆ ನಾವು ದಿನಾ ಲೋಕಲ್‌ನಲ್ಲಿ ಹಾದುಹೋಗುವ ಊರುಗಳ ಇತಿಹಾಸ ಇದೆ. ನಮ್ಮ ಮೈಸೂರಿನ ಪಾಲೂ ಇದೆ.

ಮೈಸೂರಿನಿಂದಲೇ ಶುರು ಮಾಡ್ತೀನಿ. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಯುರೋಪು, ಅಮೆರಿಕ ಸುತ್ತಿ ಕಾರ್ಖಾನೆಗಳನ್ನು ನೋಡಿ ಬಂದು, ಭಾರತದಲ್ಲೇ ಮೋಟಾರು ಕಾರು ತಯಾರಿಸುವ ಯೋಜನೆ ಬರೆದರು. ಅದರ ಹಿಂದೆ ಬಿದ್ದ ಉದ್ಯಮಿ ವಾಲ್‌ಚಂದ್ ಹೀರಾಚಂದ್. ಬ್ರಿಟಿಷ್ ಸರ್ಕಾರ ಕೈ ಕೊಡಲಿಲ್ಲ, ಯೋಜನೆ ಆಗ ನಿಂತುಹೋಯಿತು. ಇದೇ ವಾಲ್‌ಚಂದ್ 1940ರಲ್ಲಿ ಮೈಸೂರು ಸಂಸ್ಥಾನದ ಜೊತೆ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಟ್ಟಿದರು. ಇವತ್ತಿನ ಎಚ್‌ಎಎಲ್ ಅದೇ. ಕಾರಿನ ಆಸೆ ಮಾತ್ರ ಅವರು ಬಿಡಲಿಲ್ಲ. 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಹುಟ್ಟಿತು, ಕಾರ್ಖಾನೆ ಮುಂಬಯಿಯ ಕುರ್ಲಾದಲ್ಲಿ. ಬೆಂಗಳೂರಿಗೆ ವಿಮಾನ, ಕುರ್ಲಾಗೆ ಕಾರು ಅಂತ ಹಂಚಿಕೆಯಾದ ಹಾಗೆ ಆಯಿತು. ಅದು ತಿರುವುಮುರುವು ಆಗಿದ್ದರೆ ಇಂದಿರಾನಗರದ ಟ್ರಾಫಿಕ್ ಹೇಗಿರ್ತಿತ್ತೋ!

ಕುರ್ಲಾದಲ್ಲಿ ಮೊದಲು ಜೋಡಿಸಿದ್ದು ಅಮೆರಿಕದ ಡಾಡ್ಜ್, ಪ್ಲಿಮತ್. 1950ರ ದಶಕದಲ್ಲಿ ಇಟಲಿಯ ಫಿಯಾಟ್ ಜೊತೆ ನಂಟು ಬೆಳೆಯಿತು. ಫಿಯಾಟ್ 1100 ಬಂತು, 1964ರ ಹೊತ್ತಿಗೆ ಅದರ 'ಡಿಲೈಟ್' ರೂಪ ಬಂತು, 1970ರ ದಶಕದಲ್ಲಿ ಅದೇ ಕಾರು ಪ್ರೀಮಿಯರ್ ಪದ್ಮಿನಿ ಆಯಿತು. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿ ಅಂದರೆ ಇದೇ. ಹತ್ತಾರು ಸಾವಿರ ಟ್ಯಾಕ್ಸಿ ಓಡುವಾಗ ಬಿಡಿಭಾಗಕ್ಕೆ ಯಾರೂ ಹುಡುಕಾಡಬೇಕಿರಲಿಲ್ಲ. ಕುರ್ಲಾದ ಸಿಎಸ್‌ಟಿ ರೋಡಿನ ಅಂಗಡಿಗಳಿಗೆ ಹೋದರೆ ಆಯಿತು. ಕೊನೆಯ ಪದ್ಮಿನಿ ಟ್ಯಾಕ್ಸಿ ತಾಡದೇವ್ ಆರ್‌ಟಿಓದಲ್ಲಿ ನೋಂದಣಿಯಾಗಿದ್ದು 2003ರ ಅಕ್ಟೋಬರ್ 29ಕ್ಕೆ. ಟ್ಯಾಕ್ಸಿಗೆ 20 ವರ್ಷದ ಮಿತಿ ಇದ್ದಿದ್ದರಿಂದ 2023ರ ಅಕ್ಟೋಬರ್ 30ರಿಂದ ರಸ್ತೆಯಲ್ಲಿ ಪದ್ಮಿನಿ ಟ್ಯಾಕ್ಸಿ ಇಲ್ಲ. ಅಪ್ಪನ ಪಾಲಿಯೋ ಕೂಡ ಅದೇ 2003ರದ್ದು. ಅದು ಟ್ಯಾಕ್ಸಿ ಅಲ್ಲವಾದ್ದರಿಂದ ಉಳಿದಿದೆ.

ಇಲ್ಲಿ ಒಂದು ಚಿಕ್ಕ ಅಡ್ಡಮಾತು. ನಾವು ಹೆಚ್ಚುವರಿ ಚಕ್ರಕ್ಕೆ 'ಸ್ಟೆಪ್ನಿ' ಅಂತೀವಲ್ಲ, ಅದು ವೇಲ್ಸ್‌ನ ಲಾನೆಲ್ಲಿ ಊರಿನ ಸ್ಟೆಪ್ನಿ ಬೀದಿಯ ಹೆಸರು. 1904ರ ಸುಮಾರಿಗೆ ಅಲ್ಲಿಯ ಡೇವೀಸ್ ಸೋದರರು ಕಡ್ಡಿಗಳೇ ಇಲ್ಲದ ಒಂದು ರಿಮ್ಮಿಗೆ ಗಾಳಿ ತುಂಬಿದ ಟೈರು ಹಾಕಿ, ಪಂಕ್ಚರ್ ಆದ ಚಕ್ರದ ಪಕ್ಕಕ್ಕೆ ಕ್ಲಾಂಪ್ ಹಾಕಿ ಬಿಗಿಯುವ ಉಪಾಯ ಮಾರಿದರು. ಆಗ ಚಕ್ರ ಬಿಚ್ಚೋ ಪದ್ಧತಿಯೇ ಬಹುಪಾಲು ಕಾರುಗಳಲ್ಲಿ ಇರಲಿಲ್ಲ, ಹಾಗಾಗಿ ಪಿಸಿಡಿಯ ಗಲಾಟೆಯೂ ಇಲ್ಲ. ಚಕ್ರ ಬಿಚ್ಚೋಕೆ ಬಂದ ಮೇಲೆ ಒಂದೊಂದು ಕಂಪನಿಯೂ ತನಗೆ ಬೇಕಾದ ವೃತ್ತ ಬರೆದುಕೊಂಡಿತು. ಇಂಚಿನ ದೇಶಗಳ ವೃತ್ತ ಇವತ್ತಿಗೂ ಹಾಗೇ ಉಳಿದಿದೆ. 114.3 ಅಂದರೆ ನಾಲ್ಕೂವರೆ ಇಂಚು, 139.7 ಅಂದರೆ ಐದೂವರೆ ಇಂಚು. ಮಹೀಂದ್ರದ ಹಳೆಯ ಜೀಪು, ಮಾರುತಿ ಜಿಪ್ಸಿ, ರಷ್ಯಾದ ಲಾಡಾ ನೀವಾ, ಮೂರಕ್ಕೂ ಐದು ಬೋಲ್ಟಿನ 139.7 ವೃತ್ತವೇ.

ಫಿಯಾಟ್ ಮಿಲಿಮೀಟರಿನ ಕಂಪನಿ. ಅದರ 124 ಮಾದರಿ 4x98. ಆ ಕಾರಿನ ಪರವಾನಗಿ ಪಡೆದ ಸೋವಿಯತ್ ಒಕ್ಕೂಟ ವೋಲ್ಗಾ ದಂಡೆಯ ತೊಲ್ಯಾಟ್ಟಿಯಲ್ಲಿ 1970ರಿಂದ ಲಾಡಾ ಕಾರು ಮಾಡಿತು, ಅದೂ 4x98. ಅಲ್ಲಿಯ ಲಾಡಾ ಗ್ರಾಂಟಾ ತೀರಾ ಈಚೆಗೂ ಅದೇ ಅಳತೆ ಇಟ್ಟುಕೊಂಡಿತ್ತು. ಅಂದರೆ ರಷ್ಯಾದ ಸಣ್ಣ ಊರಿನಲ್ಲಿ ನನ್ನ ಪಿಸಿಡಿಯ ಚಕ್ರ ಬೀದಿ ಬದಿಯಲ್ಲೇ ಸಿಗುತ್ತೆ. ವಾಶಿಯಲ್ಲಿ ಸಿಗಲ್ಲ. ಒಂದು ಅಳತೆ ಅಪರೂಪವೋ ಅಲ್ಲವೋ ಅನ್ನೋದನ್ನ ತೀರ್ಮಾನಿಸೋದು ನಮ್ಮ ಸುತ್ತ ಅದೇ ಅಳತೆಯ ಕಾರು ಎಷ್ಟು ಓಡಾಡಿದವು ಅನ್ನೋದು.

ಇಲ್ಲಿ ಅವು ಸಾಕಷ್ಟು ಓಡಾಡಬೇಕಿತ್ತು. 1996ರಲ್ಲಿ ಕುರ್ಲಾದಿಂದ ಫಿಯಾಟ್ ಊನೋ ಬಂದಾಗ ಬುಕಿಂಗ್ ಲಕ್ಷಗಳ ಲೆಕ್ಕದಲ್ಲಿ ಆಯಿತು, ಸುಮಾರು 2.9 ಲಕ್ಷ. ದುಡ್ಡು ಕಟ್ಟಿ ಕಾದವರಲ್ಲಿ ನಮ್ಮ ಸೋದರಮಾವನೂ ಒಬ್ಬರು. ಆದರೆ ಅದೇ ಹೊತ್ತಿಗೆ ಕಾರ್ಖಾನೆಯಲ್ಲಿ ಮುಷ್ಕರ. ಕಾರು ಸಕಾಲಕ್ಕೆ ಕೈಗೆ ಬರಲಿಲ್ಲ, ಜನ ದುಡ್ಡು ವಾಪಸ್ ತಗೊಂಡು ಮಾರುತಿ ಕಡೆಗೆ ಹೋದರು. ಆಮೇಲೆ ಸಿಯೆನಾ 1999ರಲ್ಲಿ, ಪಾಲಿಯೋ 2001ರಲ್ಲಿ. ಸಚಿನ್ ತೆಂಡೂಲ್ಕರ್ ಜಾಹೀರಾತು, ಅವರ ಹೆಸರಲ್ಲಿ ಎಸ್10 ಮಾದರಿ, ಒಂದೆರಡು ವರ್ಷ ಭರ್ಜರಿ ಮಾರಾಟ. ನಂತರ ಇಳಿಮುಖ. 2006-07ರಲ್ಲಿ ಫಿಯಾಟ್ ಟಾಟಾ ಜೊತೆ ಕೈ ಜೋಡಿಸಿ ಪುಣೆ ಬಳಿಯ ರಾಂಜಣಗಾಂವ್‌ಗೆ ಹೋಯಿತು. 2019ರ ಹೊತ್ತಿಗೆ ಇಲ್ಲಿ ಫಿಯಾಟ್ ಹೆಸರಿನ ಕಾರೇ ನಿಂತಿತು. ಕುರ್ಲಾದಲ್ಲಿ ಈಗ ಉಳಿದಿರೋದು ಪ್ರೀಮಿಯರ್ ರೋಡ್ ಅನ್ನೋ ಹೆಸರು.

ಡೊಂಬಿವಲಿ ಕಡೆ ಇರುವ ಗೆಳೆಯರಿಗೆ ಇನ್ನೊಂದು ಪ್ರೀಮಿಯರ್ ಹೆಸರು ಗೊತ್ತಿರುತ್ತೆ. ಕಲ್ಯಾಣ್-ಶೀಳ್ ರೋಡಿನ ಪ್ರೀಮಿಯರ್ ಗ್ರೌಂಡ್. ರಾಜಕೀಯ ಸಭೆ ನಡೆಯೋ ಮೈದಾನ ಅಂತಷ್ಟೇ ನಮಗೆ ಗೊತ್ತು. 1990ರ ದಶಕದ ನಡುವೆ ಪ್ರೀಮಿಯರ್ ಕಂಪನಿ ಫ್ರಾನ್ಸಿನ ಪ್ಯೂಜೋ ಜೊತೆ ಸೇರಿ 309 ಕಾರನ್ನು ತನ್ನ ಕಲ್ಯಾಣ್ ಕಾರ್ಖಾನೆಯಲ್ಲಿ ತಯಾರಿಸಿತು. ಒಳ್ಳೆಯ ಕಾರು, ಸೀಟು ಸೋಫಾ ಹಾಗೆ. ಕಾರ್ಮಿಕರ ತಕರಾರು, ಪಾಲುದಾರರ ಮುನಿಸು ಸೇರಿ ಎರಡು-ಮೂರು ವರ್ಷದಲ್ಲೇ ಪ್ಯೂಜೋ ಗಂಟುಮೂಟೆ ಕಟ್ಟಿತು. ಅದರ ಅಳತೆ 4x108. ಹೀಗೆ ಒಂದೇ ರೈಲು ಮಾರ್ಗದ ಎರಡು ಊರಲ್ಲಿ ಒಂದೇ ಕಂಪನಿ ಎರಡು ಅನಾಥ ಪಿಸಿಡಿಗಳನ್ನು ಬಿಟ್ಟುಹೋಯಿತು.

4x108ಕ್ಕೆ ಆಮೇಲೆ ನೆಂಟರು ಸಿಕ್ಕರು. ಫೋರ್ಡ್ ಐಕಾನ್, ಫಿಗೋ, ಎಲ್ಲಾ ಅದೇ ವೃತ್ತ. ಹಾಗಂತ ಫಿಗೋ ಚಕ್ರ ನೇರ ಪ್ಯೂಜೋಗೆ ಹಾಕೋಕೆ ಆಗಲ್ಲ. ಚಕ್ರದ ನಡುವಿನ ದೊಡ್ಡ ರಂಧ್ರ ಫೋರ್ಡಿನಲ್ಲಿ 63.4 ಮಿಲಿಮೀಟರ್, ಪ್ಯೂಜೋ ಹಬ್ 65.1. ಹಬ್ಬೇ ಒಳಗೆ ಹೋಗಲ್ಲ. ಪಿಸಿಡಿ ಸರಿಹೋದರೆ ಎಲ್ಲಾ ಸರಿ ಅಂತ ನಾವು ಮೋಸಹೋಗೋದು ಇಲ್ಲೇ.

ಪಾಲಿಯೋದ ಕಷ್ಟವೂ ಅದೇ ಜಾತಿಯದು. ನಮ್ಮ ಸುತ್ತ ಓಡುವ ಸ್ವಿಫ್ಟ್, ಐ10, ಹೋಂಡಾ ಸಿಟಿ, ಟಾಟಾ ಇಂಡಿಕಾ ಎಲ್ಲ 4x100. ಪಾಲಿಯೋ ಕೊನೆಗಾಲದಲ್ಲಿ ಟಾಟಾ ಶೋರೂಮಿನಲ್ಲಿ ಮಾರಾಟ ಆದದ್ದರಿಂದ 'ಇಂಡಿಕಾ ಚಕ್ರ ಬರುತ್ತೆ' ಅನ್ನೋ ನಂಬಿಕೆ ಬೇರೆ ಇದೆ. ಬರಲ್ಲ. ಮಾರುತಿ, ಹ್ಯುಂಡೈ ಚಕ್ರದ ನಡುವಿನ ರಂಧ್ರ 54.1, ಪಾಲಿಯೋ ಹಬ್ 58.1. ಅಂಗಡಿಯಲ್ಲಿ ಸಿಗುವ ಬೇರೆ ಬ್ರ್ಯಾಂಡಿನ ಅಲಾಯ್‌ಗಳ ರಂಧ್ರ ದೊಡ್ಡದಿರುತ್ತೆ, ಅದಕ್ಕೇ ನನ್ನ ಕಾರಿಗೆ 'ಕೂತಿದ್ದು'. ಹಬ್ ಮತ್ತು ರಂಧ್ರದ ನಡುವಿನ ಸಂದಿಗೆ ಉಂಗುರ ಹಾಕಬೇಕಿತ್ತು, ಹಾಕಿರಲಿಲ್ಲ. ಭಾರವೆಲ್ಲ ಓರೆಯಾಗಿ ಕೂತ ನಾಲ್ಕು ಬೋಲ್ಟಿನ ಮೇಲೆ. ಇನ್ನೊಂದು ವಿಷಯ, ಮಾರುತಿ-ಹ್ಯುಂಡೈಗಳಲ್ಲಿ ಹಬ್‌ನಿಂದ ಸ್ಟಡ್ ಹೊರಗೆ ಬಂದಿರುತ್ತೆ, ನಟ್ಟು ಹಾಕ್ತೀವಿ. ಫಿಯಾಟ್, ಪ್ಯೂಜೋಗಳಲ್ಲಿ ಸ್ಟಡ್ ಇಲ್ಲ, ಬೋಲ್ಟನ್ನೇ ಹಬ್ಬಿಗೆ ತಿರುಗಿಸಬೇಕು. ಅಲಾಯ್ ದಪ್ಪ ಇದ್ದರೆ ಉದ್ದದ ಬೋಲ್ಟು ಬೇಕು. ಕಬ್ಬಿಣದ ರಿಮ್ಮಿನ ಗಿಡ್ಡ ಬೋಲ್ಟು ಹಾಕಿದರೆ ಹಿಡಿಯೋದು ಮೂರು-ನಾಲ್ಕು ಸುತ್ತು ಅಷ್ಟೇ.

ದಾರಿಗಳು ಇಲ್ಲ ಅಂತಲ್ಲ. ಒಂದು ಮಿಲಿಮೀಟರ್ ಆಚೀಚೆ ಸರಿಯುವ ಬಿಡಿ ಶಂಕು ಇರೋ ವಿಶೇಷ ಬೋಲ್ಟು ಬರುತ್ತೆ, ವಾಬಲ್ ಬೋಲ್ಟ್ ಅಂತಾರೆ. 98ರ ಹಬ್ಬಿಗೆ 100ರ ಚಕ್ರ ಹಾಕೋಕೆಂದೇ ಹೊರದೇಶದಲ್ಲಿ ಬಳಸ್ತಾರೆ. ಒಳ್ಳೆ ಗುಣಮಟ್ಟದ್ದು, ಸರಿಯಾದ ಉಂಗುರದ ಜೊತೆ ಹಾಕಿದರೆ ನಡೆಯುತ್ತೆ. ಗುಣಮಟ್ಟ ಗೊತ್ತಿಲ್ಲದ್ದನ್ನ ಆನ್‌ಲೈನ್‌ನಲ್ಲಿ ತರಿಸಿ ಹೆದ್ದಾರಿಗೆ ಇಳಿಯೋ ಧೈರ್ಯ ನನಗಂತೂ ಇಲ್ಲ. ಅಡಾಪ್ಟರ್ ಪ್ಲೇಟು ಹಾಕಿದರೆ ಚಕ್ರ ಹೊರಕ್ಕೆ ಬಂದು ಬೇರಿಂಗ್ ಮೇಲೆ ಹೊರೆ ಬೀಳುತ್ತೆ. ಹಳೆ ರಂಧ್ರ ವೆಲ್ಡ್ ಮಾಡಿ ಮುಚ್ಚಿ ಲೇತ್‌ನಲ್ಲಿ ಹೊಸ ರಂಧ್ರ ಕೊರೆದುಕೊಡೋರೂ ಇದ್ದಾರೆ. ಅದು ಬೇಡವೇ ಬೇಡ ಅಂತೀನಿ. ಹೊಸ 4x98 ಅಲಾಯ್ ಸೆಟ್ ತರಿಸೋಣ ಅಂದರೆ ದುಡ್ಡು ಕಾರಿನ ಇವತ್ತಿನ ಬೆಲೆಯ ಹತ್ತಿರ ಹೋಗುತ್ತೆ.

ಅಮ್ಮನಿಗೆ ಫೋನ್ ಮಾಡಿ ಮಾರಿಬಿಡೋಣ ಅಂದೆ. 'ಎರಡು ಗಾಲಿ ಸಲುವಾಗಿ ಗಾಡಿ ಮಾರ್ತಾರೇನಪಾ? ಅಪ್ಪಾಜಿ ಇದ್ದಿದ್ರ ಹಿಂಗ ಅಂತಿದ್ಯಾ?' ಅಂದ್ರು. ಮುಂದೆ ಮಾತಾಡಲಿಲ್ಲ.

ಶನಿವಾರ ಒಂದು ಸ್ಟೀಲ್ ಸ್ಕೇಲ್ ಹಿಡಿದು ಕುರ್ಲಾದ ಸಿಎಸ್‌ಟಿ ರೋಡಿಗೆ ಹೋದೆ. ಬಟ್ಟೆ ಅಳೆಯೋ ಟೇಪು ಬೇಡ, ಎರಡು ಮಿಲಿಮೀಟರ್ ಅದರಲ್ಲಿ ಮುಚ್ಚಿಹೋಗುತ್ತೆ. ನಾಲ್ಕು ರಂಧ್ರದ ಚಕ್ರದಲ್ಲಿ ಎದುರುಬದುರು ಇರುವ ಎರಡು ರಂಧ್ರ ತಗೊಳ್ಳಿ, ಒಂದರ ಒಳ ಅಂಚಿನಿಂದ ಇನ್ನೊಂದರ ಹೊರ ಅಂಚಿಗೆ ಅಳೆಯಿರಿ. ಅದೇ ಪಿಸಿಡಿ. ಐದು ರಂಧ್ರ ಇದ್ದರೆ ಪಕ್ಕಪಕ್ಕದ ಎರಡು ರಂಧ್ರದ ಅಂತರವನ್ನು 1.701ರಿಂದ ಗುಣಿಸಿ. ಊರಿಗೆ ಹೋದಾಗ ಬೆಂಗಳೂರಿನ ಜೆ.ಸಿ. ರೋಡಿನಲ್ಲೋ ಶಿವಾಜಿನಗರದ ಗುಜರಿಯಲ್ಲೋ ಹುಡುಕೋರಿಗೂ ಇದೇ ಲೆಕ್ಕ.

ನಾನು 'ಪಾಲಿಯೋ ಚಕ್ರ' ಅಂತ ಕೇಳಿದ ಕಡೆಯೆಲ್ಲ ಇಲ್ಲ ಅಂದರು. ಐದನೇ ಅಂಗಡಿಯಲ್ಲಿ ಬುದ್ಧಿ ಬಂತು, 'ಸಿಯೆನಾ, ಪೆಟ್ರಾ ಏನಾದ್ರೂ ಇದೆಯಾ' ಅಂದೆ. ಅವು ಪಾಲಿಯೋದ ಅಣ್ಣತಮ್ಮಂದಿರು, ಒಂದೇ ತಳಹದಿ. ಅಂಗಡಿಯ ಚಾಚಾ ಮೇಲಿನ ಅಟ್ಟದಿಂದ ಧೂಳು ಹಿಡಿದ ಎರಡು ಕಬ್ಬಿಣದ ರಿಮ್ ಇಳಿಸಿದರು. ಸ್ಕೇಲ್ ಇಟ್ಟೆ, 98. ನಡುವಿನ ರಂಧ್ರ ನೋಡಿದೆ, 58. ತಾವು ಹುಡುಗನಾಗಿದ್ದಾಗ ಪ್ರೀಮಿಯರ್ ಗೇಟಿನ ಹೊರಗೆ ಚಹಾ ಮಾರ್ತಿದ್ದೆ ಅಂತ ಚಾಚಾ ಹೇಳಿದರು. ಶಿಫ್ಟ್ ಬಿಟ್ಟಾಗ ರಸ್ತೆಯೇ ಕಾಣ್ತಿರಲಿಲ್ಲವಂತೆ, ಅಷ್ಟು ಜನ. ಎರಡಕ್ಕೆ ಅವರು ಕೇಳಿದ ದುಡ್ಡು ಒಂದು ಹೊಸ ಟೈರಿಗಿಂತ ಕಡಿಮೆ. ಚೌಕಾಸಿ ಮಾಡಲಿಲ್ಲ. ಗಿಡ್ಡ ಬೋಲ್ಟು ಎಂಟನ್ನೂ ಒಂದು ಡಬ್ಬಿಯಲ್ಲಿ ಹಾಕಿ ಕೊಟ್ಟರು.

ರಿಮ್ಮಿಗೆ ಪೌಡರ್ ಕೋಟ್ ಮಾಡಿಸಿ, ಹಾಕಿ, ನೂರು ಕಿಲೋಮೀಟರ್ ಓಡಿಸಿ ಮತ್ತೆ ಸ್ಪ್ಯಾನರ್ ಹಾಕಿ ನೋಡಿದೆ. ಒಂದೂ ಅಲುಗಿಲ್ಲ. ಬಾಗಿದ ಹಳೆಯ ಎರಡರಲ್ಲಿ ಒಂದನ್ನು ಸರಿ ಮಾಡಿಸಿ ಸ್ಟೆಪ್ನಿ ಮಾಡಿಕೊಂಡೆ, ಬಿರುಕು ಬಿಟ್ಟಿದ್ದನ್ನು ಗುಜರಿಗೆ ಹಾಕಿದೆ. ನಿಮ್ಮಲ್ಲಿ ಯಾರಾದರೂ ಲಿನಿಯಾ, ಪುಂಟೋ ಚಕ್ರ ಪಾಲಿಯೋಗೆ ಬರುತ್ತೆ ಅಂತ ಕೇಳಿದ್ದರೆ, ಅಳೆದೇ ತಗೊಳ್ಳಿ. ಮುಂದಿನ ವಾರ ಕಲ್ಯಾಣ್-ಶೀಳ್ ರೋಡಿಗೆ ಕ್ಯಾಮೆರಾ ತಗೊಂಡು ಹೋಗ್ತಿದ್ದೀನಿ. ಪ್ಯೂಜೋ 309 ಇನ್ನೂ ಓಡಿಸ್ತಿರೋರು ಆ ಕಡೆ ಯಾರಾದರೂ ಇದ್ದರೆ ತಿಳಿಸಿ.