ಜಯಲಕ್ಷ್ಮೀ ವಿಲಾಸವೂ ಜಾನಪದ ವಸ್ತುಸಂಗ್ರಹಾಲಯವೂ

ಕಟ್ಟಡವೊಂದರ ಚರಿತ್ರೆಯು ಅದನ್ನು ಕಟ್ಟಿಸಿದವರೊಡನೆ ಮುಗಿಯುವುದಿಲ್ಲ. ಮುಂದೆ ಅದು ಯಾವ ಕಾರ್ಯಕ್ಕೆ ಸಂದಿತೆಂಬುದೂ ಆ ಚರಿತ್ರೆಯ ಅಂಗವೇ ಆಗಿರುತ್ತದೆ. ಮೈಸೂರಿನ ಜಯಲಕ್ಷ್ಮೀ ವಿಲಾಸವು ಇದಕ್ಕೆ ಉತ್ತಮ ನಿದರ್ಶನ.

ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1905ರಲ್ಲಿ, ಅವರ ಅಕ್ಕ ಜಯಲಕ್ಷಮ್ಮಣ್ಣಿಯವರಿಗಾಗಿ ಈ ಸೌಧವು ನಿರ್ಮಿತವಾಯಿತು. 1918ರಿಂದ 1922ರವರೆಗೆ ದಿವಾನರಾಗಿದ್ದ ಕಾಂತರಾಜ ಅರಸರು ಆಕೆಯ ಪತಿ. ಹೊರಗೆ ಪಾಶ್ಚಾತ್ಯ ಮಾದರಿಯ ಕಂಬಸಾಲು; ಒಳಗೆ ಕೆತ್ತನೆಯ ಬಾಗಿಲುಗಳು, ಬಣ್ಣದ ಗಾಜು, ಕಲ್ಯಾಣಮಂಟಪ. ಕಾಲಾಂತರದಲ್ಲಿ ಸೌಧವು ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿ ಮಾನಸಗಂಗೋತ್ರಿಯ ಭಾಗವಾಯಿತು. 1960ರ ದಶಕದ ಕೊನೆಯಲ್ಲಿ ಜಾನಪದ ವಸ್ತುಸಂಗ್ರಹಾಲಯವು ರೂಪುಗೊಂಡಿತು. ಪಿ.ಆರ್. ತಿಪ್ಪೇಸ್ವಾಮಿ, ಜೀ.ಶಂ. ಪರಮಶಿವಯ್ಯ ಮೊದಲಾದವರ ಪರಿಶ್ರಮದಿಂದ ಬೆಳೆದ ಆ ಸಂಗ್ರಹಕ್ಕೆ ಈ ಅರಮನೆಯೇ ನೆಲೆಯಾಯಿತು. ರಾಜಕುಮಾರಿಯ ನಿವಾಸದೊಳಕ್ಕೆ ತೊಗಲುಗೊಂಬೆ, ಸೋಮನ ಮುಖ, ಬೇಸಾಯದ ಉಪಕರಣ, ಅಡುಗೆಮನೆಯ ಪಾತ್ರೆಪದಾರ್ಥಗಳು ಪ್ರವೇಶಿಸಿದುದು ಸಾಮಾನ್ಯ ಸಂಗತಿಯಲ್ಲ. ಅರಸುಮನೆತನದ ವೈಭವದೊಡನೆ ಒಕ್ಕಲಮನೆಯ ಬಾಳೂ ಚರಿತ್ರೆಗೆ ಯೋಗ್ಯವಾದ ವಿಷಯವೆಂಬ ಮನ್ನಣೆಯು ಇದರಿಂದ ದೊರೆಯಿತು.

ಆದರೆ ಸ್ಥಾನ ಬದಲಾದಾಗ ವಸ್ತುವಿನ ಅರ್ಥವೂ ಬದಲಾಗುತ್ತದೆ. ತೊಗಲುಗೊಂಬೆಯನ್ನು ಪಾರದರ್ಶಕವಾಗುವಂತೆ ಹದಮಾಡಿ, ಬಣ್ಣವಿಟ್ಟು, ರಂಧ್ರಗಳನ್ನು ಕೊರೆದಿರುವುದು ಪರದೆಯ ಹಿಂದಣ ದೀಪದ ಬೆಳಕಿಗಾಗಿ. ಮುಂದಿನಿಂದ ಬೆಳಕು ಬಿದ್ದರೆ ಆ ಕುಶಲತೆಯ ಅರ್ಧಭಾಗ ಕಾಣಿಸದು. ಸೋಮನ ಮುಖವು ಗ್ರಾಮದೇವತೆಯ ಸೇವೆಯಲ್ಲಿ ಕುಣಿತಕ್ಕೆ ಒದಗುವಂಥದು. ಗೋಡೆಗೆ ತೂಗಿದಾಗ ಅದು ಕೇವಲ ಶಿಲ್ಪವಾಗುತ್ತದೆ. ಕೊಳಗ, ಬಳ್ಳಗಳ ವಿಚಾರವಂತೂ ಇನ್ನೂ ಸೂಕ್ಷ್ಮ. ಹಳೆಯ ಅಳತೆಗಳು ಸೀಮೆಯಿಂದ ಸೀಮೆಗೆ ಬೇರೆಯಾಗಿದ್ದುವು. ಯಾವ ಊರಿನದೆಂದು ಬರೆದಿಡದ ಕೊಳಗವು ಅಲಂಕಾರವಾದೀತೇ ಹೊರತು ಆರ್ಥಿಕ ಚರಿತ್ರೆಗೆ ಸಾಕ್ಷಿಯಾಗಲಾರದು.

ಈ ಶತಮಾನದ ಮೊದಲ ದಶಕದಲ್ಲಿ ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಸೌಧದ ಜೀರ್ಣೋದ್ಧಾರವಾಯಿತು. ಇಂಥ ಕಾರ್ಯವು ಒಮ್ಮೆಗೆ ಮುಗಿಯತಕ್ಕದ್ದಲ್ಲ. ಮಾಡು ಸೋರಿದರೆ ತೊಗಲು ಬೂಷ್ಟು ಹಿಡಿಯುವುದು. ತೇವವೇರಿದ ಮರವನ್ನು ಗೆದ್ದಲು ಬಿಡದು. ಕಟ್ಟಡದ ರಕ್ಷಣೆಯೂ ಸಂಗ್ರಹದ ರಕ್ಷಣೆಯೂ ಇಲ್ಲಿ ಬೇರೆಬೇರೆಯಲ್ಲ. ಇವೆರಡರೊಡನೆ ಮೂರನೆಯದೊಂದನ್ನು ಸೇರಿಸಬೇಕು: ಪ್ರತಿಯೊಂದು ವಸ್ತುವಿಗೂ ಅದರ ಊರು, ಮಾಡಿದ ಬಗೆ, ಬಳಕೆ ಇವುಗಳ ದಾಖಲೆ. ಇವನ್ನು ಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತಿದ್ದಾರೆ. ಕೆತ್ತನೆಯ ಬಾಗಿಲು ಶಿಥಿಲವಾದರೆ ನುರಿತ ಬಡಗಿಯು ಅದನ್ನು ಸರಿಪಡಿಸಿಯಾನು. ಹೇಳುವವರೊಡನೆ ಅಳಿದುಹೋದ ತಿಳಿವಳಿಕೆಯನ್ನು ಮರಳಿ ತರುವ ಜೀರ್ಣೋದ್ಧಾರ ಯಾವುದೂ ಇಲ್ಲ.