ಸುಡುಮಣ್ಣು, ಕುಮೇರಿ ಮತ್ತು ಬಯೋಚಾರ್

ಪೊಳಲಿ ಎಂದ ಕೂಡಲೇ ಹೊರಗಿನವರಿಗೆ ನೆನಪಾಗುವುದು ರಾಜರಾಜೇಶ್ವರಿ ದೇವಸ್ಥಾನ, ಜಾತ್ರೆಯ ಚೆಂಡು, ಆಮೇಲೆ ಬಚ್ಚಂಗಾಯಿ (ನಿಮ್ಮ ಕಡೆ ಕಲ್ಲಂಗಡಿ). ಇಲ್ಲಿ ಅಮ್ಮನವರ ಮೂರ್ತಿಯೇ ಮಣ್ಣಿನದ್ದು. ಹಾಗಾಗಿ ಮಣ್ಣಿನ ಮಾತನ್ನು ಇಲ್ಲಿಂದಲೇ ಶುರುಮಾಡುತ್ತೇನೆ.

ಈಗ ಕೃಷಿಯ ಬಗ್ಗೆ ಏನು ಓದಿದರೂ ಬಯೋಚಾರ್ ಎಂಬ ಪದ ಸಿಗುತ್ತದೆ. ತೋಟದ ಕಸಕಡ್ಡಿಯನ್ನು ಗಾಳಿ ಹೆಚ್ಚು ಆಡದಂತೆ ಸುಟ್ಟರೆ ಅದು ಪೂರ್ತಿ ಬೂದಿಯಾಗದೆ ಇದ್ದಿಲಾಗುತ್ತದೆ. ಅದನ್ನು ಗೊಬ್ಬರದ ಜೊತೆ ಮಣ್ಣಿಗೆ ಸೇರಿಸುವುದೇ ಈ ವಿದ್ಯೆ. ಅಮೆಜಾನ್ ಕಾಡಿನ ಹಳೆಯ ಜನವಸತಿಗಳ ಕಪ್ಪು ಮಣ್ಣು 'ಟೆರ್ರಾ ಪ್ರೇಟಾ' ಇದಕ್ಕೆ ಸ್ಫೂರ್ತಿ. ಇದನ್ನು ಕೇಳಿದ ನಮ್ಮೂರವರು "ಇದು ನಮ್ಮ ಸುಡುಮಣ್ಣು ಅಲ್ವಾ ಮಾರಾಯ್ರೆ" ಅನ್ನುತ್ತಾರೆ. ನನ್ನ ಪ್ರಕಾರ ಅದು ಅರ್ಧ ಸತ್ಯ.

ಸುಡುಮಣ್ಣು ಮಾಡುವುದು ಹೀಗೆ: ತರಗೆಲೆ, ಕಡ್ಡಿ, ಒಣ ಸೆಗಣಿ ರಾಶಿ ಹಾಕಿ ಮೇಲೆ ಮಣ್ಣು ಮುಚ್ಚಿ ಬೆಂಕಿ ಕೊಡುವುದು. ಉರಿ ಏಳಬಾರದು, ಹೊಗೆಯಾಡುತ್ತಾ ನಿಧಾನಕ್ಕೆ ಬೇಯಬೇಕು. ಕೊನೆಗೆ ಸಿಗುವುದು ಸುಟ್ಟ ಮಣ್ಣು, ಬೂದಿ, ಸ್ವಲ್ಪ ಇದ್ದಿಲು. ಸೌತೆ, ಹೀರೆ, ಬಸಳೆಯ ಬುಡಕ್ಕೆ ಇದನ್ನೇ ಹಾಕುತ್ತಿದ್ದರು. ನಮ್ಮದು ಜಂಬಿಟ್ಟಿಗೆಯ ಹುಳಿ ಮಣ್ಣು, ಮಳೆಗಾಲ ಬಂದರೆ ಸಾರವೆಲ್ಲ ತೊಳೆದುಹೋಗುತ್ತದೆ. ಬೂದಿ ಹುಳಿಯನ್ನು ಇಳಿಸುತ್ತದೆ, ಇದ್ದಿಲಿನ ಸಣ್ಣ ತೂತುಗಳು ನೀರನ್ನೂ ಸಾರವನ್ನೂ ಹಿಡಿದಿಟ್ಟುಕೊಳ್ಳುತ್ತವೆ. ಆದರೆ ಇದರಲ್ಲಿ ಇದ್ದಿಲಿನ ಪಾಲು ಕಡಿಮೆ, ಹಾಗಾಗಿ ಎರಡೂ ಒಂದೇ ಅಲ್ಲ.

ಈ ಕಥೆಗೆ ಇನ್ನೊಂದು ಮುಖವಿದೆ. ಕುಡುಬಿಗಳು, ಮಲೆಕುಡಿಯರು ಗುಡ್ಡದಲ್ಲಿ ಮಾಡುತ್ತಿದ್ದ ಕುಮೇರಿ ಬೇಸಾಯವೂ ಬೆಂಕಿಯದ್ದೇ. ಕಾಡು ಕಡಿದು, ಒಣಗಿಸಿ, ಸುಟ್ಟು, ಬೂದಿಯಲ್ಲಿ ಬಿತ್ತಿ, ಒಂದೆರಡು ವರ್ಷಕ್ಕೆ ಆ ಜಾಗ ಬಿಟ್ಟು ಮುಂದೆ ಹೋಗುವುದು. 1801ರಲ್ಲಿ ಕೆನರಾದಲ್ಲಿ ಸುತ್ತಾಡಿದ ಫ್ರಾನ್ಸಿಸ್ ಬುಕಾನನ್ ಇದನ್ನು ಬರೆದಿಟ್ಟಿದ್ದಾನೆ. ಮದ್ರಾಸಿನ ಅರಣ್ಯಾಧಿಕಾರಿ ಹ್ಯೂ ಕ್ಲೆಗ್‌ಹಾರ್ನ್ ಕಣ್ಣಿಗೆ ಅದು ಮರದ ನಾಶವಾಗಿ ಕಂಡಿತು. 1860ರಲ್ಲಿ ಮದ್ರಾಸು ಸರ್ಕಾರ, ಅನುಮತಿಯಿಲ್ಲದೆ ಸರ್ಕಾರಿ ಕಾಡಿನಲ್ಲಿ ಕುಮೇರಿ ಮಾಡಕೂಡದೆಂದಿತು. ಹಡಗಿಗೂ ರೈಲಿಗೂ ಮರ ಬೇಕಿದ್ದ ಕಾಲ ಅದು. ಕಾಡು ಉಳಿಸಬೇಕೆಂಬ ಮಾತಿನಲ್ಲಿ ಹುರುಳಿತ್ತು, ಆದರೆ ಅದರ ಬೆಲೆ ತೆತ್ತವರು ಹೊಲವೇ ಇಲ್ಲದ ಜನ.

ವರ್ಗದಾರರಿಗೆ ಮಾತ್ರ ಇನ್ನೊಂದು ದಾರಿ ಉಳಿಯಿತು: ಕುಮ್ಕಿ. ವರ್ಗ ಜಮೀನಿನಿಂದ 100 ಗಜದೊಳಗಿನ ಸರ್ಕಾರಿ ಜಾಗದಿಂದ ಸೊಪ್ಪು, ಸೌದೆ ತರುವ ಸವಲತ್ತು ಅದು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಕಲಮಿನಲ್ಲೂ ಅದು ಉಳಿದುಕೊಂಡಿತು. ಹಟ್ಟಿಗೆ ಸೊಪ್ಪು ಬಂದದ್ದು ಈ ಗುಡ್ಡೆಗಳಿಂದ, ಸುಡುಮಣ್ಣಿಗೆ ತರಗೆಲೆ ಸಿಕ್ಕಿದ್ದೂ ಅಲ್ಲಿಂದಲೇ. ಅಂದರೆ ಒಂದೇ ಬೆಂಕಿ ಗುಡ್ಡದಲ್ಲಿ ಅಪರಾಧವಾಯಿತು, ಅಂಗಳದ ಬದಿಯಲ್ಲಿ ಜಾಣತನವಾಯಿತು.

ಈಗ ಎಷ್ಟೋ ಕುಮ್ಕಿ ಗುಡ್ಡೆಗಳಲ್ಲಿ ರಬ್ಬರು, ಅಡಿಕೆ ಎದ್ದಿವೆ. ತರಗೆಲೆ ಗುಡಿಸುವವರೂ ಇಲ್ಲ. ಆದರೆ ಅಡಿಕೆ ಸಿಪ್ಪೆ, ತೆಂಗಿನ ಗೆರಟೆ ಮನೆಮನೆಯಲ್ಲಿ ರಾಶಿ ಬೀಳುತ್ತಿವೆ, ಇದ್ದಿಲಿಗೆ ಅವೇ ಸಾಕು. ಆ ಇದ್ದಿಲನ್ನು ಸೆಗಣಿ ನೀರಲ್ಲೋ ಗೋಮೂತ್ರದಲ್ಲೋ ನೆನೆಸಿ ಹಾಕಬೇಕು, ಹಸಿಯಾಗಿ ಹಾಕಿದರೆ ಮೊದಲಿಗೆ ಮಣ್ಣಿನ ಸಾರವನ್ನೇ ಹೀರಿಕೊಂಡುಬಿಡುತ್ತದೆ.

"ಎಲ್ಲ ನಮ್ಮ ಹಿರಿಯರಿಗೆ ಗೊತ್ತಿತ್ತು" ಎಂದು ಎದೆಯುಬ್ಬಿಸಿದರೆ ಸಾಲದು. ಯಾವ ಹಿರಿಯರು, ಯಾರ ಗುಡ್ಡೆ, ಯಾರ ಬೆಂಕಿ ಎಂದೂ ಕೇಳಬೇಕು. ಕಾರ್ಬನ್ ಲೆಕ್ಕದಲ್ಲಿ ಇದ್ದಿಲಿಗೆ ದುಡ್ಡು ಹುಟ್ಟುವ ಈ ಕಾಲದಲ್ಲಿ ಕುಮೇರಿಯವರ ಮೊಮ್ಮಕ್ಕಳಿಗೆ ಅದರಲ್ಲಿ ಪಾಲು ಸಿಗುತ್ತದೆಯೇ ಎಂಬುದೇ ನನ್ನ ಪ್ರಶ್ನೆ.

ನಿಮ್ಮ ಊರಲ್ಲಿ ಸುಡುಮಣ್ಣಿಗೆ ಏನೆನ್ನುತ್ತಾರೆ? ಈಗಲೂ ಮಾಡುತ್ತಾರಾ? ಗೊತ್ತಿದ್ದವರು ಬರೆಯಿರಿ.