ಚಿತ್ರಕಥಾ ರಚನೆಯ ಶಿಕ್ಷಣ: ಬಿಜಾಪುರ ಸೀಮೆಯಿಂದ ಒಂದು ಸಮೀಕ್ಷೆ

ಕನ್ನಡ ವಾಕ್ಚಿತ್ರವು ಜನ್ಮತಾಳಿ ತೊಂಬತ್ತು ವರ್ಷಗಳಿಗೂ ಮೀರಿದ ಕಾಲ ಸಂದಿದೆ. ಈ ದೀರ್ಘಾವಧಿಯಲ್ಲಿ ಛಾಯಾಗ್ರಾಹಕನಿಗೆ ಶಾಲೆ ದೊರೆಯಿತು, ಶಬ್ದಗ್ರಾಹಕನಿಗೆ ಶಾಲೆ ದೊರೆಯಿತು, ನಟನಿಗೆ ರಂಗಶಿಕ್ಷಣದ ಕೇಂದ್ರಗಳು ದೊರೆತುವು. ಆದರೆ ಚಿತ್ರವು ಮೊತ್ತಮೊದಲು ಯಾರ ಮನಸ್ಸಿನಲ್ಲಿ ಆಕಾರಗೊಳ್ಳುವುದೋ, ಯಾರ ಕಾಗದದ ಮೇಲೆ ಅದರ ಅಸ್ಥಿಪಂಜರವು ನಿಲ್ಲುವುದೋ, ಆ ಲೇಖಕನು ಮಾತ್ರ ಬಹುಕಾಲ ತನ್ನ ವಿದ್ಯೆಯನ್ನು ತಾನೇ ಅರಸಿಕೊಂಡು ಅಲೆಯಬೇಕಾಯಿತು. ಚಲನಚಿತ್ರ ಮತ್ತು ದೂರದರ್ಶನಗಳ ಬರವಣಿಗೆಯನ್ನು ವೃತ್ತಿಯಾಗಿ ಕೈಗೊಳ್ಳಬಯಸುವ ವಿದ್ಯಾರ್ಥಿಗೆ ನಮ್ಮಲ್ಲಿ ಶಿಕ್ಷಣವು ಹೇಗೆ ಬೆಳೆದುಬಂದಿತೆಂಬುದನ್ನು, ಬಿಜಾಪುರ (ಇಂದಿನ ವಿಜಯಪುರ) ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ನಾಲ್ಕು ತಾಲ್ಲೂಕುಗಳ ನೆಲೆಯಲ್ಲಿ ನಿಂತು ಪರಾಮರ್ಶಿಸುವುದು ಈ ಲೇಖನದ ಉದ್ದೇಶ.

ರಂಗಭೂಮಿಯೆಂಬ ಮೊದಲ ಗುರುಕುಲ

1934ರಲ್ಲಿ ತೆರೆಕಂಡ ‘ಸತಿ ಸುಲೋಚನಾ’ ಕನ್ನಡದ ಮೊದಲ ವಾಕ್ಚಿತ್ರ. ಅದರ ಸಾಹಿತ್ಯವನ್ನು ರಚಿಸಿದ ಬೆಳ್ಳಾವೆ ನರಹರಿಶಾಸ್ತ್ರಿಗಳು ವೃತ್ತಿರಂಗಭೂಮಿಗೆ ನಾಟಕಗಳನ್ನು ಬರೆದು ನುರಿತವರು. ಮೈಸೂರು ಸಂಸ್ಥಾನದಲ್ಲಿ ವಾಕ್ಚಿತ್ರಕ್ಕೆ ಅಗತ್ಯವಾದ ಸ್ಟುಡಿಯೋ ಆಗ ಇಲ್ಲದಿದ್ದುದರಿಂದ ಆ ಚಿತ್ರದ ಚಿತ್ರೀಕರಣ ಕೊಲ್ಲಾಪುರದಲ್ಲಿ ನಡೆಯಿತು. ಅಂದರೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಬಿಜಾಪುರ ಜಿಲ್ಲೆಗೆ ಬೆಂಗಳೂರಿಗಿಂತ ಬಹಳ ಸಮೀಪವಾದ ಊರಿನಲ್ಲಿ. 1936ರ ‘ಸಂಸಾರ ನೌಕೆ’ಯೂ ರಂಗಭೂಮಿಯಿಂದಲೇ ಬಂದಿತು, 1954ರ ‘ಬೇಡರ ಕಣ್ಣಪ್ಪ’ನಿಗೂ ನಾಟಕವೇ ಆಧಾರ. ಹೀಗೆ ಮೊದಲ ಎರಡು ದಶಕಗಳ ಚಿತ್ರಲೇಖಕರಿಗೆ ನಾಟಕ ಕಂಪನಿಯೇ ಗುರುಕುಲವಾಗಿತ್ತು. ಹುಣಸೂರು ಕೃಷ್ಣಮೂರ್ತಿ, ಜಿ.ವಿ. ಅಯ್ಯರ್ ಮೊದಲಾದವರು ಕಲಿತದ್ದು ಅಲ್ಲಿಯೇ, ಚಿ. ಸದಾಶಿವಯ್ಯನವರ ವಿದ್ಯೆಯಂತೂ ಮಗ ಚಿ. ಉದಯಶಂಕರರಿಗೆ ಮನೆತನದ ಆಸ್ತಿಯಂತೆ ಇಳಿದುಬಂದಿತು.

ಈ ಗುರುಕುಲದ ಗುಣದೋಷಗಳನ್ನು ಸಮವಾಗಿ ತೂಗಿ ನೋಡಬೇಕು. ಯಾವ ಮಾತಿಗೆ ಸಭೆಯು ಚಪ್ಪಾಳೆ ತಟ್ಟುವುದು, ಯಾವ ಮಾತಿಗೆ ಕೆಮ್ಮಲಾರಂಭಿಸುವುದು, ಎಷ್ಟು ಹೊತ್ತು ಶೋಕವನ್ನು ಎಳೆದರೆ ಅದು ಹಾಸ್ಯಕ್ಕೆ ಜಾರುವುದು ಎಂಬ ಸೂಕ್ಷ್ಮಗಳನ್ನು ಕಂಪನಿಯ ಕವಿ ಪ್ರತಿರಾತ್ರಿಯೂ ಪ್ರತ್ಯಕ್ಷವಾಗಿ ಕಲಿಯುತ್ತಿದ್ದನು. ಆದರೆ ಮಾತನಾಡದೆ ಹೇಳುವ ವಿದ್ಯೆಯನ್ನು, ಅಂದರೆ ಒಂದು ನೋಟ, ಒಂದು ವಸ್ತು, ಒಂದು ದೃಶ್ಯದಿಂದ ಮತ್ತೊಂದಕ್ಕೆ ಹಾಯುವ ನೆಗೆತ, ಇವುಗಳಿಂದಲೇ ಅರ್ಥವನ್ನು ಹೊಮ್ಮಿಸುವ ಕೌಶಲವನ್ನು ರಂಗಭೂಮಿ ಕಲಿಸಲಾರದಾಗಿತ್ತು. ಕನ್ನಡ ಚಿತ್ರವು ಬಹುಕಾಲ ಮಾತಿನ ಭಾರದಿಂದ ಬಾಗಿದ್ದಕ್ಕೆ ಇದೇ ಮುಖ್ಯ ಕಾರಣವೆನ್ನಬಹುದು.

ಈ ರಂಗಸಂಪತ್ತಿಗೆ ನಮ್ಮ ನಾಲ್ಕು ತಾಲ್ಲೂಕುಗಳು ನೀಡಿದ ಕಾಣಿಕೆ ಸಾಮಾನ್ಯವಾದುದಲ್ಲ. ಆಧುನಿಕ ಕನ್ನಡ ನಾಟಕಕ್ಕೆ ಬೌದ್ಧಿಕ ನಿಶಿತತೆಯನ್ನು ತಂದುಕೊಟ್ಟ ಶ್ರೀರಂಗರು, ಎಂದರೆ ಆದ್ಯ ರಂಗಾಚಾರ್ಯರು, 1904ರಲ್ಲಿ ಹುಟ್ಟಿದ್ದು ಇಂಡಿ ತಾಲ್ಲೂಕಿನ ಅಗರಖೇಡದಲ್ಲಿ. ಕಾಲೇಜಿನಲ್ಲಿ ಸಂಸ್ಕೃತದ ಅಧ್ಯಾಪಕರಾಗಿ, ಭರತನ ನಾಟ್ಯಶಾಸ್ತ್ರವನ್ನು ಆಳವಾಗಿ ಅಭ್ಯಸಿಸಿ, ‘ಕೇಳು ಜನಮೇಜಯ’ದಂತಹ ಕೃತಿಗಳಲ್ಲಿ ರಂಗರಚನೆಯ ಹೊಸ ಮಾರ್ಗವನ್ನು ತೋರಿದ ಅವರು, ನಾಟಕರಚನೆಯು ಸ್ಫೂರ್ತಿಯ ಫಲವಾಗಿರುವಂತೆಯೇ ಶಾಸ್ತ್ರಾಭ್ಯಾಸದ ಫಲವೂ ಹೌದೆಂಬುದನ್ನು ಸ್ವಂತ ಬಾಳಿನಿಂದಲೇ ಸಿದ್ಧಪಡಿಸಿದರು. ಅವಿಭಜಿತ ಇಂಡಿ ತಾಲ್ಲೂಕಿನ ಹಲಸಂಗಿಯಲ್ಲಿ ಮಧುರಚೆನ್ನರೂ ಅವರ ಗೆಳೆಯರೂ ಹಳ್ಳಿಯ ಹೆಣ್ಣುಮಕ್ಕಳ ಬಾಯಲ್ಲಿದ್ದ ಹಾಡುಗಳನ್ನು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಎಂದು ಪ್ರಕಟಿಸಿದರು. ಜನರ ನುಡಿಯನ್ನು ಕಿವಿಗೊಟ್ಟು ಕೇಳಿ ಬರೆದುಕೊಳ್ಳುವ ಆ ಶಿಸ್ತಿಗಿಂತ ಮಿಗಿಲಾದ ಸಂಭಾಷಣಾ ಪಾಠ ಬೇರೆಲ್ಲಿದೆ? ಸಿಂದಗಿ ಸೀಮೆಯ ಎಂ.ಎಂ. ಕಲಬುರ್ಗಿಯವರು ವಚನ ಸಂಶೋಧನೆಯ ನಡುವೆಯೂ ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ಕುರಿತು ‘ಕೆಟ್ಟಿತ್ತು ಕಲ್ಯಾಣ’ವೆಂಬ ನಾಟಕವನ್ನು ಬರೆದರು. ಆ ಕಲ್ಯಾಣದ ಚರಿತ್ರೆಯ ನಾಯಕನಾದ ಬಸವಣ್ಣನ ಜನ್ಮಸ್ಥಳವೇ ಬಸವನ ಬಾಗೇವಾಡಿ. ಅವನ ಜೀವನವು 1959ರಲ್ಲಿಯೇ ‘ಜಗಜ್ಯೋತಿ ಬಸವೇಶ್ವರ’ ಎಂಬ ಚಿತ್ರವಾಯಿತು. ಮೊದಲು ಮುದ್ದೇಬಿಹಾಳ ತಾಲ್ಲೂಕಿಗೆ ಸೇರಿದ್ದ ತಾಳಿಕೋಟೆಯ ಹೆಸರನ್ನು ತಮ್ಮ ಹೆಸರಿನೊಡನೆ ಹೊತ್ತ ರಾಜು ತಾಳಿಕೋಟೆಯವರು ‘ಕಲಿಯುಗದ ಕುಡುಕ’ ನಾಟಕದಿಂದ ಮನೆಮಾತಾಗಿ, ಅನಂತರ ‘ಮನಸಾರೆ’ಯಂತಹ ಚಿತ್ರಗಳಲ್ಲಿ ಈ ಸೀಮೆಯ ನುಡಿಯ ಲಯವನ್ನು ರಾಜ್ಯಕ್ಕೆಲ್ಲ ಕೇಳಿಸಿದರು.

ಯಂತ್ರಕ್ಕೆ ದೊರೆತ ಶಾಲೆ

ವಿಧಿವತ್ತಾದ ಚಲನಚಿತ್ರ ಶಿಕ್ಷಣವು ಜಗತ್ತಿನಲ್ಲಿ ಆರಂಭವಾದದ್ದು 1919ರಲ್ಲಿ, ಮಾಸ್ಕೋ ನಗರದಲ್ಲಿ. ಕರ್ನಾಟಕವು ಈ ದಿಕ್ಕಿನಲ್ಲಿ ಹಿಂದುಳಿದಿರಲಿಲ್ಲವೆಂಬುದು ಅಭಿಮಾನದ ಸಂಗತಿ. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ 1940ರ ದಶಕದಲ್ಲಿಯೇ ಛಾಯಾಗ್ರಹಣದ ಪಾಠಕ್ರಮವಿದ್ದಿತು. 1946ರಲ್ಲಿ ಅಲ್ಲಿಂದ ಡಿಪ್ಲೊಮಾ ಪಡೆದ ವಿ.ಕೆ. ಮೂರ್ತಿಯವರು ಗುರುದತ್ತರ ಚಿತ್ರಗಳಿಗೆ ಬೆಳಕು ನೆರಳುಗಳ ಕಾವ್ಯವನ್ನು ಕೊಟ್ಟು, ಮುಂದೆ ದಾದಾ ಸಾಹೇಬ್ ಫಾಲ್ಕೆ ಪ್ರಶಸ್ತಿಗೆ ಪಾತ್ರರಾದ ಮೊದಲ ಛಾಯಾಗ್ರಾಹಕರೆನಿಸಿದರು. ಆದರೆ ಅದು ಯಂತ್ರವಿದ್ಯೆಯ ಶಾಲೆ. ಕ್ಯಾಮೆರಾವನ್ನು ಬಿಚ್ಚಿ ಜೋಡಿಸಿ ತೋರಿಸಬಹುದು, ಪರೀಕ್ಷೆಗೆ ಒಡ್ಡಬಹುದು. ಕಥನವನ್ನು ಹಾಗೆ ಕಲಿಸಲಾಗದೆಂಬ ನಂಬಿಕೆ ಆಗ ಸಾರ್ವತ್ರಿಕವಾಗಿತ್ತು.

1960ರಲ್ಲಿ ಪುಣೆಯ ಪ್ರಭಾತ್ ಸ್ಟುಡಿಯೋದ ಆವರಣದಲ್ಲಿ ಭಾರತ ಸರ್ಕಾರದ ಚಲನಚಿತ್ರ ಸಂಸ್ಥೆ ಸ್ಥಾಪಿತವಾಯಿತು. ಆ ಪ್ರಭಾತ್ ಕಂಪನಿಯೂ 1929ರಲ್ಲಿ ಕೊಲ್ಲಾಪುರದಲ್ಲಿ ಹುಟ್ಟಿ 1933ರಲ್ಲಿ ಪುಣೆಗೆ ಸಾಗಿದ್ದಿತು. ಗಿರೀಶ ಕಾರ್ನಾಡರು 1974–75ರಲ್ಲಿ ಈ ಸಂಸ್ಥೆಯ ನಿರ್ದೇಶಕರಾಗಿದ್ದರು; ಗಿರೀಶ ಕಾಸರವಳ್ಳಿಯವರು 1975ರಲ್ಲಿ ಅಲ್ಲಿಂದ ಪದವಿ ಪಡೆದು ಹೊರಬಂದು, 1977ರಲ್ಲಿ ‘ಘಟಶ್ರಾದ್ಧ’ವನ್ನು ನಿರ್ದೇಶಿಸಿ, ಶಾಸ್ತ್ರೀಯ ಶಿಕ್ಷಣವು ಕನ್ನಡದ ಕಥೆಯೊಂದಕ್ಕೆ ಎಂತಹ ದೃಶ್ಯಸಂಯಮವನ್ನು ಕೊಡಬಲ್ಲುದೆಂಬುದನ್ನು ಲೋಕಕ್ಕೆ ತೋರಿಸಿದರು. ಇಂಡಿಯ ನಿಲ್ದಾಣದಲ್ಲಿ ರೈಲು ಹತ್ತಿದವನಿಗೆ ಸೊಲ್ಲಾಪುರದ ಮಾರ್ಗವಾಗಿ ಪುಣೆಯು ಬೆಂಗಳೂರಿಗಿಂತ ಸಮೀಪ. ದೂರವಿದ್ದುದು ದಾರಿಯಲ್ಲಲ್ಲ, ಭಾಷೆಯಲ್ಲಿ: ಪಾಠವೂ ಪ್ರವೇಶಪರೀಕ್ಷೆಯೂ ಇಂಗ್ಲಿಷಿನ ಆಶ್ರಯದಲ್ಲಿದ್ದುದರಿಂದ, ಕನ್ನಡ ಶಾಲೆಯಲ್ಲಿ ಓದಿದ ಹಳ್ಳಿಯ ಹುಡುಗನಿಗೆ ಆ ಬಾಗಿಲು ಸುಲಭವಾಗಿ ತೆರೆಯಲಿಲ್ಲ.

ಕಾದಂಬರಿಯ ಯುಗ ಮತ್ತು ಹೆಗ್ಗೋಡಿನ ಪ್ರಯೋಗ

ಈ ಮಧ್ಯೆ ಕನ್ನಡ ಚಿತ್ರವು ಕಾದಂಬರಿಯ ಕಡೆಗೆ ತಿರುಗಿತು. ಪುಟ್ಟಣ್ಣ ಕಣಗಾಲರು ತ್ರಿವೇಣಿಯವರ ‘ಬೆಳ್ಳಿಮೋಡ’, ‘ಶರಪಂಜರ’ಗಳನ್ನೂ, ಎಂ.ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’ಯನ್ನೂ, ತ.ರಾ.ಸು. ಅವರ ಕೃತಿಗಳನ್ನಾಧರಿಸಿ ‘ನಾಗರಹಾವು’ ಚಿತ್ರವನ್ನೂ ತೆರೆಗೆ ತಂದರು. 1970ರ ‘ಸಂಸ್ಕಾರ’ಕ್ಕೆ ಕಾರ್ನಾಡರೇ ಚಿತ್ರಕಥೆ ಬರೆದರು. ಕಾದಂಬರಿಯಲ್ಲಿ ಪಾತ್ರದ ಮನಸ್ಸಿನೊಳಗೆ ನಡೆಯುವುದನ್ನು ಹೊರಗಿನ ಕ್ರಿಯೆಯಾಗಿ ಪರಿವರ್ತಿಸುವ ರೂಪಾಂತರ ವಿದ್ಯೆಯು ಹೀಗೆ ಕೃತಿಯಿಂದ ಕೃತಿಗೆ ಪಕ್ವವಾಗುತ್ತ ಬಂದಿತು. ‘ಗ್ರಹಣ’ ಚಿತ್ರಕ್ಕಾಗಿ ಟಿ.ಎಸ್. ರಂಗಾ ಮತ್ತು ಟಿ.ಎಸ್. ನಾಗಾಭರಣರಿಗೆ ಚಿತ್ರಕಥೆಯ ರಾಷ್ಟ್ರಪ್ರಶಸ್ತಿ ದೊರೆಯಿತು. ಬಹಳ ವರ್ಷಗಳ ತರುವಾಯ, 2013ರ ಸಾಲಿನಲ್ಲಿ, ಸ್ವತಂತ್ರ ಚಿತ್ರಕಥೆಗಾಗಿ ‘ಡಿಸೆಂಬರ್ 1’ರ ಪಿ. ಶೇಷಾದ್ರಿಯವರಿಗೂ, ಆಧಾರಿತ ಚಿತ್ರಕಥೆಗಾಗಿ ‘ಪ್ರಕೃತಿ’ಯ ಪಂಚಾಕ್ಷರಿಯವರಿಗೂ, ಎರಡೂ ಪ್ರಶಸ್ತಿಗಳು ಕನ್ನಡಕ್ಕೇ ಬಂದುವು.

ಶಿಕ್ಷಣದ ದೃಷ್ಟಿಯಿಂದ ಇದೇ ಕಾಲದ ಅತ್ಯಂತ ಮಹತ್ವದ ಪ್ರಯೋಗ ನಡೆದದ್ದು ರಾಜಧಾನಿಯಲ್ಲಲ್ಲ, ಮಲೆನಾಡಿನ ಹೆಗ್ಗೋಡಿನಲ್ಲಿ. 1949ರಲ್ಲಿ ಹುಟ್ಟಿದ ನೀನಾಸಮ್ ಸಂಸ್ಥೆಯು ಕೆ.ವಿ. ಸುಬ್ಬಣ್ಣನವರ ನೇತೃತ್ವದಲ್ಲಿ ಚಿತ್ರಸಮಾಜವನ್ನು ಕಟ್ಟಿ, ಪುಣೆಯ ಸಂಸ್ಥೆಯ ಸತೀಶ್ ಬಹಾದ್ದೂರರಂತಹ ಅಧ್ಯಾಪಕರನ್ನು ಕರೆಸಿ, ಗ್ರಾಮೀಣರಿಗೆ ಜಗತ್ತಿನ ಶ್ರೇಷ್ಠ ಚಿತ್ರಗಳ ರಸಗ್ರಹಣವನ್ನು ಕನ್ನಡದಲ್ಲಿಯೇ ಕಲಿಸಿತು. 1980ರಲ್ಲಿ ಅಲ್ಲಿ ರಂಗಶಿಕ್ಷಣ ಕೇಂದ್ರವೂ ಆರಂಭವಾಯಿತು. ಚಿತ್ರವನ್ನು ಓದಬಲ್ಲವನೇ ಚಿತ್ರವನ್ನು ಬರೆಯಬಲ್ಲನು ಎಂಬ ತತ್ತ್ವವು ಅಲ್ಲಿ ಆಚರಣೆಗೆ ಬಂದಿತು. ಅಡಕೆ ಬೆಳೆಗಾರರ ಹಳ್ಳಿಯೊಂದರಲ್ಲಿ ಸಾಧ್ಯವಾದ ಈ ಕಾರ್ಯವು ಲಿಂಬೆ ಬೆಳೆಯುವ ಇಂಡಿಯಲ್ಲಿ ಅಸಾಧ್ಯವೆನ್ನಲು ಕಾರಣವಿಲ್ಲ.

ದೂರದರ್ಶನ ಮೊದಲು ಬಂದ ನೆಲ

ಬಿಜಾಪುರ ಜಿಲ್ಲೆಯು ಕರ್ನಾಟಕದಲ್ಲಿ ದೂರದರ್ಶನವನ್ನು ಮೊದಲು ಕಂಡ ಜಿಲ್ಲೆಗಳಲ್ಲೊಂದೆಂಬ ಸಂಗತಿ ಇಂದಿನ ಎಷ್ಟೋ ವಿದ್ಯಾರ್ಥಿಗಳಿಗೆ ತಿಳಿದಿರಲಾರದು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅಮೆರಿಕದ ಉಪಗ್ರಹವೊಂದರ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ನಡೆದ ‘ಸೈಟ್’ ಪ್ರಯೋಗಕ್ಕೆ ನಮ್ಮ ರಾಜ್ಯದಿಂದ ಆಯ್ಕೆಯಾದವು ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು. ಬೆಂಗಳೂರಿನ ಮನೆಗಳಿಗೆ ಇನ್ನೂ ಟಿ.ವಿ. ಬಾರದಿದ್ದ ಆ ದಿನಗಳಲ್ಲಿ ಈ ಒಣನೆಲದ ಹಳ್ಳಿಗರು ಒಟ್ಟಾಗಿ ಕುಳಿತು ಕೃಷಿ, ಆರೋಗ್ಯ, ಶಿಕ್ಷಣಗಳ ಕಾರ್ಯಕ್ರಮಗಳನ್ನು ನೋಡಿದರು. ಆದರೆ ಆ ಕನ್ನಡ ಕಾರ್ಯಕ್ರಮಗಳು ಸಿದ್ಧವಾಗುತ್ತಿದ್ದುದು ಹೈದರಾಬಾದಿನಲ್ಲಿ. ನೋಡುವವರು ಇಲ್ಲಿಯವರಾದರು, ಬರೆಯುವವರು ಇಲ್ಲಿಯವರಾಗಲಿಲ್ಲ. 1977ರಲ್ಲಿ ಗುಲ್ಬರ್ಗದಲ್ಲಿ ದೂರದರ್ಶನ ಕೇಂದ್ರವು ಬಂದಿತಾದರೂ, ಮುಂದೆ ಧಾರಾವಾಹಿಗಳ ಉದ್ಯಮವೆಲ್ಲ ಬೆಂಗಳೂರಿನಲ್ಲಿಯೇ ಸಾಂದ್ರವಾಯಿತು.

1990ರ ದಶಕದ ಅಂತ್ಯದಲ್ಲಿ ಟಿ.ಎನ್. ಸೀತಾರಾಮರ ‘ಮಾಯಾಮೃಗ’ವು ದೈನಂದಿನ ಧಾರಾವಾಹಿಗೂ ಸಾಹಿತ್ಯಕ ಗಾಂಭೀರ್ಯವಿರಬಲ್ಲುದೆಂದು ತೋರಿತು. ಅನಂತರದ ಖಾಸಗಿ ವಾಹಿನಿಗಳ ಯುಗದಲ್ಲಿ ಬರವಣಿಗೆಯು ನಿಜವಾದ ಅರ್ಥದಲ್ಲಿ ಉದ್ಯೋಗವಾಯಿತು: ಕಥೆಯನ್ನು ಒಬ್ಬರು ಯೋಜಿಸುವುದು, ಕಂತುಗಳ ಚಿತ್ರಕಥೆಯನ್ನು ಮತ್ತೊಬ್ಬರು ಹೆಣೆಯುವುದು, ಸಂಭಾಷಣೆಯನ್ನು ಮೂರನೆಯವರು ಬರೆಯುವುದು ಎಂಬ ಶ್ರಮವಿಭಜನೆ ನೆಲೆಗೊಂಡಿತು. ವಾರದ ಐದಾರು ದಿನಗಳೂ ಪ್ರಸಾರವಾಗುವ ಧಾರಾವಾಹಿಯ ಲೇಖಕನಿಗೆ ಪ್ರತಿಭೆಯಷ್ಟೇ ಕಾಲನಿಷ್ಠೆಯೂ, ಒಂದೇ ಪಾತ್ರವನ್ನು ನೂರಾರು ಕಂತುಗಳವರೆಗೆ ಸ್ವಭಾವಭಂಗವಿಲ್ಲದೆ ನಡೆಸುವ ಸ್ಮೃತಿಯೂ ಬೇಕು. ಇದನ್ನು ಇಂದಿಗೂ ಹೆಚ್ಚಿನವರು ಹಿರಿಯ ಲೇಖಕರ ಸಹಾಯಕರಾಗಿ ಸೇರಿಯೇ ಕಲಿಯುತ್ತಾರೆ.

ಇಂದಿನ ಸ್ಥಿತಿ, ಮುಂದಿನ ಕರ್ತವ್ಯ

ಇಂದು ಪುಣೆಯ ಸಂಸ್ಥೆಯಲ್ಲಿ ಚಿತ್ರಲೇಖನಕ್ಕೆ ಪ್ರತ್ಯೇಕ ಪಾಠಕ್ರಮವಿದೆ. 2017ರಿಂದ ಅದು ದೇಶದ ನಾನಾ ಊರುಗಳಲ್ಲಿ ಅಲ್ಪಾವಧಿಯ ಶಿಬಿರಗಳನ್ನೂ ನಡೆಸುತ್ತಿದೆ. 2009ರಲ್ಲಿ ಸ್ಥಾಪಿತವಾದ ಕರ್ನಾಟಕ ಚಲನಚಿತ್ರ ಅಕಾಡೆಮಿಯಿದೆ. ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಮತ್ತು ಸಮೂಹ ಸಂವಹನ ವಿಭಾಗವಿದೆ. ಮಂಡ್ಯ ಸೀಮೆಯ ಗ್ರಾಮಜೀವನವನ್ನು ಒಳಗಿನಿಂದ ಬಲ್ಲ ಈರೇಗೌಡರು ಬರೆದ ‘ತಿಥಿ’ಯು 2015ರಲ್ಲಿ ಲೊಕಾರ್ನೊ ಉತ್ಸವದಲ್ಲಿ ಪುರಸ್ಕೃತವಾದಾಗ, ಒಂದು ಸೀಮೆಯ ನುಡಿಯು ನಿಷ್ಠೆಯಿಂದ ಚಿತ್ರಕಥೆಯಾದರೆ ಅದು ಎಲ್ಲ ದೇಶದವರಿಗೂ ಅರ್ಥವಾಗುತ್ತದೆಂಬುದು ಸಿದ್ಧವಾಯಿತು. ಬಿಜಾಪುರದ ನುಡಿಗಾದರೋ ಚಿತ್ರಗಳಲ್ಲಿ ಬಹುಮಟ್ಟಿಗೆ ಹಾಸ್ಯದ ಪಾತ್ರವೇ ಮೀಸಲಾಗಿದೆ. ಭೀಮಾ, ಡೋಣಿ, ಕೃಷ್ಣೆಯರ ದಂಡೆಯ ಜನ ಪ್ರೇಮಿಸುವುದೂ, ಶೋಕಿಸುವುದೂ, ವಾದಿಸುವುದೂ, ಸುಗ್ಗಿ ಮುಗಿದೊಡನೆ ಗುಳೆ ಹೊರಡುವುದೂ ಆ ನುಡಿಯಲ್ಲಿಯೇ ತಾನೆ?

ಆದುದರಿಂದ ನನ್ನ ಸೂಚನೆ ಇಷ್ಟು. ಈ ನಾಲ್ಕು ತಾಲ್ಲೂಕುಗಳ ಪದವಿ ಕಾಲೇಜುಗಳ ಕನ್ನಡ ವಿಭಾಗಗಳು ಕೂಡಿ ಚಿತ್ರಲೇಖನದ ಒಂದು ವರ್ಷದ ಸರ್ಟಿಫಿಕೇಟ್ ಪಾಠಕ್ರಮವನ್ನು ಕನ್ನಡ ಮಾಧ್ಯಮದಲ್ಲಿ ಆರಂಭಿಸಬೇಕು. ಮೊದಲ ಭಾಗದಲ್ಲಿ ವಿದ್ಯಾರ್ಥಿಯು ಹಲಸಂಗಿ ಗೆಳೆಯರ ಮಾರ್ಗದಲ್ಲಿ ಲಾವಣಿ, ಗೀಗೀ ಪದ, ಬಯಲಾಟ, ಸಂತೆಯ ಮಾತುಕತೆಗಳನ್ನು ಕೇಳಿ ದಾಖಲಿಸಲಿ. ಎರಡನೆಯದರಲ್ಲಿ ಚಿತ್ರಗಳನ್ನು ದೃಶ್ಯದೃಶ್ಯವಾಗಿ ಬಿಡಿಸಿ ಓದಲಿ, ಒಂದೂ ಮಾತಿಲ್ಲದ ದೃಶ್ಯಗಳನ್ನು ಬರೆಯಲಿ. ಮೂರನೆಯದರಲ್ಲಿ ಕಥಾಸಾರ, ದೃಶ್ಯಗಳ ಪಟ್ಟಿ, ಪೂರ್ಣ ಚಿತ್ರಕಥೆ, ಸಂಭಾಷಣೆ ಎಂಬ ಕ್ರಮದಲ್ಲಿ ಒಂದು ಕಿರುಚಿತ್ರವನ್ನೂ ಧಾರಾವಾಹಿಯ ಕೆಲವು ಕಂತುಗಳನ್ನೂ ಸಿದ್ಧಪಡಿಸಲಿ. ಜೊತೆಗೆ, 2012ರ ಕೃತಿಸ್ವಾಮ್ಯ ತಿದ್ದುಪಡಿಯು ಚಿತ್ರಮಂದಿರದ ಪ್ರದರ್ಶನವನ್ನುಳಿದ ಬಳಕೆಗಳ ರಾಯಧನದಲ್ಲಿ ಲೇಖಕನಿಗೆ ಸಮಪಾಲನ್ನು ಕೊಟ್ಟಿರುವುದರಿಂದ, ಕರಾರುಪತ್ರವನ್ನು ಓದಿ ತಿಳಿದು ಸಹಿ ಹಾಕುವ ವಿವೇಕವನ್ನೂ ಕಲಿಸಬೇಕು.

ಇದಕ್ಕೆ ಬೇಕಾದುದು ದೊಡ್ಡ ಸ್ಟುಡಿಯೋ ಅಲ್ಲ. ಒಂದು ಕೊಠಡಿ, ಒಂದು ಪ್ರೊಜೆಕ್ಟರ್, ಓದಿಸಬಲ್ಲ ಅಧ್ಯಾಪಕರು, ಆಗಾಗ ಬಂದುಹೋಗುವ ವೃತ್ತಿನಿರತ ಲೇಖಕರು. ಕಾಲೇಜುಗಳ ಆಡಳಿತ ಮಂಡಲಿಗಳೂ, ವಿಶ್ವವಿದ್ಯಾಲಯಗಳೂ, ಅಕಾಡೆಮಿಯೂ ಮನಸ್ಸು ಮಾಡಿ ಶ್ರೀರಂಗರು ಹುಟ್ಟಿದ ನೆಲದಲ್ಲಿ ಈ ಕಾರ್ಯಕ್ಕೆ ಕೈಹಾಕಬೇಕೆಂದು ನಾನು ವಿನಯದಿಂದಲೂ ಆಗ್ರಹದಿಂದಲೂ ಪ್ರಾರ್ಥಿಸುತ್ತೇನೆ.